ಪ್ರತಿಕ್ರಿಯೆ: ‘ಅವಸರಂ ಲೇದು’ ಎಂದರೆ ನಿಧಾನವಾಗಿ ಮಾಡಿ ಎಂದೇ?

ಒಂದು ಕೆಲಸದ ಬಗ್ಗೆ ತೆಲುಗು ಸಹೋದ್ಯೋಗಿ ‘ಅವಸರಂ ಲೇದು’ ಎಂದದ್ದನ್ನು ಬರೆದು, ಅದರ ಅರ್ಥ ಇದೇನಾ ಎಂದು ಕೇಳಿದ್ದೀರಿ. ಅಲ್ಲ. ಅವರು ‘ಆತುರವಿಲ್ಲ’ ಎಂದು ಹೇಳಿಲ್ಲ, ಆ ಕೆಲಸವೇ ಬೇಕಾಗಿಲ್ಲ ಎಂದಿದ್ದಾರೆ. ತೆಲುಗಿನಲ್ಲಿ ‘ಅವಸರಂ’ ಎಂದರೆ ಮುಖ್ಯವಾಗಿ ಅಗತ್ಯ.

ಮೂಲ ಸಂಸ್ಕೃತ: ‘ಅವ’ ಉಪಸರ್ಗ, ಚಲಿಸು ಎಂಬರ್ಥದ ‘ಸೃ’ ಧಾತು. ಅಲ್ಲಿ ಅವಸರವೆಂದರೆ ಸಂದರ್ಭ, ಒದಗಿಬಂದ ಸಮಯ. ಹಿಂದಿ, ಮರಾಠಿ, ಮಲಯಾಳಂಗಳು ಈ ಅರ್ಥವನ್ನೇ ಉಳಿಸಿಕೊಂಡಿವೆ. ಅಲ್ಲಿ ಅದು ಸದವಕಾಶ. ಕನ್ನಡ, ತಮಿಳುಗಳಲ್ಲಿ ಮಾತ್ರ ಧಾವಂತ. ಸಮಯ ಬಂತೆಂದರೆ ಕೆಲಸ ಆಗಲೇಬೇಕು, ಆಗಲೇಬೇಕೆಂದರೆ ಬೇಗ ಆಗಬೇಕು. ಅರ್ಥ ಹೀಗೆ ಜಾರಿತೆಂದು ನನ್ನ ಊಹೆ, ತೆಲುಗು ನಡುವಿನ ಮೆಟ್ಟಿಲಲ್ಲಿ ನಿಂತಿದೆ.

ನನಗೆ ಬಹಳ ಇಷ್ಟವಾದ ಉದಾಹರಣೆ 1975ರ ತುರ್ತು ಪರಿಸ್ಥಿತಿ. ತಮಿಳಿನಲ್ಲಿ ಅದು ‘ಅವಸರ ನಿಲೈ’, ತೆಲುಗಿನಲ್ಲಿ ‘ಅತ್ಯವಸರ ಪರಿಸ್ಥಿತಿ’. ನಾವು ಮಾತ್ರ ‘ತುರ್ತು’ ಎನ್ನುತ್ತೇವೆ. ‘ಅವಸರ ಪರಿಸ್ಥಿತಿ’ ಎಂದಿದ್ದರೆ ಕನ್ನಡದ ಕಿವಿಗೆ ಬಸ್ ತಪ್ಪಿಹೋಗುವ ಗಡಿಬಿಡಿಯಷ್ಟೇ ಕೇಳಿಸುತ್ತಿತ್ತು!

ಅಂದಹಾಗೆ, ‘ಅವಕಾಶ’ದ ಬಗ್ಗೆಯೂ ಎಚ್ಚರವಿರಲಿ. ಹಿಂದಿಯವರಿಗೆ ಅದು ರಜೆ.