ಕಾನೂನು ಪ್ರಶ್ನೋತ್ತರ: ಅಭಿಯೋಜಕರು ನ್ಯಾಯಾಧೀಶರಾದಾಗ

ಪ್ರಶ್ನೆ: ಅಮೆರಿಕದಲ್ಲಿ ಸರ್ಕಾರದ ಪರ ಮೊಕದ್ದಮೆ ನಡೆಸಿದ ಅಭಿಯೋಜಕರೇ ಮುಂದೆ ಫೆಡರಲ್ ನ್ಯಾಯಾಧೀಶರಾಗುವುದುಂಟಂತೆ. ಅಂಥವರು ಸರ್ಕಾರದ ಕಡೆಗೇ ವಾಲುವುದಿಲ್ಲವೇ? ನಮ್ಮ ಮಡಿಕೇರಿ ನ್ಯಾಯಾಲಯದ ಸಹಾಯಕ ಸರ್ಕಾರಿ ಅಭಿಯೋಜಕರು ಜಿಲ್ಲಾ ನ್ಯಾಯಾಧೀಶರಾಗಬಹುದೇ?
– ಕಾನೂನು ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ನಿಮ್ಮ ಶಂಕೆ ಸಹಜವಾದದ್ದೇ. ಆದರೆ ವಾಟರ್‌ಗೇಟ್ ಹಗರಣದ ವಿಚಾರಣೆ ನಡೆಸಿದ ಅಮೆರಿಕದ ಫೆಡರಲ್ ನ್ಯಾಯಾಧೀಶ ಜಾನ್ ಸಿರಿಕಾ ಅವರ ವೃತ್ತಿಜೀವನ ಬೇರೊಂದು ಚಿತ್ರವನ್ನು ತೋರಿಸುತ್ತದೆ. ಇಟಲಿಯಿಂದ ವಲಸೆ ಬಂದ ಕ್ಷೌರಿಕರೊಬ್ಬರ ಮಗನಾಗಿ 1904ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಹುಟ್ಟಿದ ಅವರು, ಯೌವನದಲ್ಲಿ ಬಾಕ್ಸಿಂಗ್ ಕಣಕ್ಕೂ ಇಳಿದಿದ್ದರು. 1926ರಲ್ಲಿ ಕಾನೂನು ಪದವಿ ಪಡೆದು, 1930ರಿಂದ 1934ರವರೆಗೆ ವಾಷಿಂಗ್ಟನ್‌ನಲ್ಲಿ ಫೆಡರಲ್ ಸರ್ಕಾರದ ಸಹಾಯಕ ಅಭಿಯೋಜಕರಾಗಿ ದುಡಿದರು. ಬಳಿಕ ಬಹುಕಾಲ ಖಾಸಗಿಯಾಗಿ ವಕೀಲಿ ನಡೆಸಿದ ಅವರನ್ನು 1957ರಲ್ಲಿ ನ್ಯಾಯಾಧೀಶರನ್ನಾಗಿ ನೇಮಿಸಿದವರು ರಿಪಬ್ಲಿಕನ್ ಅಧ್ಯಕ್ಷ ಐಸೆನ್‌ಹೋವರ್. ಆಗ ಉಪಾಧ್ಯಕ್ಷರಾಗಿದ್ದವರು ರಿಚರ್ಡ್ ನಿಕ್ಸನ್ ಎಂಬುದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

1972ರ ಜೂನ್ 17ರಂದು ವಾಟರ್‌ಗೇಟ್ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿ ಸಿಕ್ಕಿಬಿದ್ದವರ ವಿಚಾರಣೆ 1973ರ ಜನವರಿಯಲ್ಲಿ ಸಿರಿಕಾ ಅವರ ಮುಂದೆ ಬಂತು. ಏಳು ಆರೋಪಿಗಳಾಚೆಗೆ ಸರ್ಕಾರಿ ವಕೀಲರು ಕೈ ಚಾಚದಿದ್ದಾಗ, ಹಣ ಕೊಟ್ಟವರು ಯಾರು, ಕಳುಹಿಸಿದವರು ಯಾರು ಎಂದು ಪೀಠದಿಂದಲೇ ಸಾಕ್ಷಿಗಳನ್ನು ಪ್ರಶ್ನಿಸಿದವರು ಈ ಹಳೆಯ ಅಭಿಯೋಜಕರು. ತಪ್ಪೊಪ್ಪಿಕೊಳ್ಳುವಂತೆ ಆರೋಪಿಗಳ ಮೇಲೆ ರಾಜಕೀಯ ಒತ್ತಡವಿತ್ತು, ಸುಳ್ಳು ಸಾಕ್ಷ್ಯವೂ ನಡೆದಿದೆ ಎಂದು ಆರೋಪಿ ಜೇಮ್ಸ್ ಮೆಕ್‌ಕಾರ್ಡ್ ಬರೆದ ಪತ್ರವನ್ನು ಮಾರ್ಚ್ 23ರಂದು ಅವರು ತೆರೆದ ನ್ಯಾಯಾಲಯದಲ್ಲಿ ಓದಿದರು. ಅದೇ ಆಗಸ್ಟ್‌ನಲ್ಲಿ, ಈಗ ಅಧ್ಯಕ್ಷರಾಗಿದ್ದ ಅದೇ ನಿಕ್ಸನ್ ಅವರಿಗೆ, ಈ ಪ್ರಕರಣದ ಬಗ್ಗೆ ತಮ್ಮ ಕಚೇರಿಯಲ್ಲಿ ನಡೆದ ಮಾತುಕತೆಗಳ ಧ್ವನಿಸುರುಳಿಗಳನ್ನು ಒಪ್ಪಿಸುವಂತೆ ಆದೇಶಿಸಿದರು. ಇನ್ನಷ್ಟು ಸುರುಳಿಗಳನ್ನು ಕೇಳಿದ ಅವರ ನಂತರದ ಆದೇಶವನ್ನು 1974ರ ಜುಲೈ 24ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಎತ್ತಿಹಿಡಿಯಿತು. ಆಗಸ್ಟ್ 9ರಂದು ನಿಕ್ಸನ್ ಪದತ್ಯಾಗ ಮಾಡಿದರು.

ಹಾಗೆಂದು ಸಿರಿಕಾ ಅವರ ರೀತಿಯನ್ನೆಲ್ಲ ನಾನು ಒಪ್ಪಲಾರೆ. ಆರೋಪಿಗಳ ಬಾಯಿ ಬಿಡಿಸಲೆಂದು ಕೆಲವರಿಗೆ 40 ವರ್ಷಗಳವರೆಗಿನ ತಾತ್ಕಾಲಿಕ ಶಿಕ್ಷೆ ವಿಧಿಸಿದ್ದು ಪೀಠದಲ್ಲಿ ಕುಳಿತು ಅಭಿಯೋಜಕನ ಕೆಲಸ ಮಾಡಿದಂತೆ ಎಂಬ ಟೀಕೆಯಲ್ಲಿ ಹುರುಳಿದೆ. ಹಳೆಯ ವೃತ್ತಿಯ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ, ಆದರೆ ಅದು ವಾಲಿದ್ದು ಸರ್ಕಾರದ ಕಡೆಗಲ್ಲ.

ಸೆನೆಟ್ ಒಪ್ಪಿದ ಮೇಲೆ ಫೆಡರಲ್ ನ್ಯಾಯಾಧೀಶರಿಗೆ ನಿವೃತ್ತಿ ವಯಸ್ಸೆಂಬುದಿಲ್ಲ ಎಂಬುದೂ ಈ ಧೈರ್ಯಕ್ಕೆ ಒಂದು ಕಾರಣವಿರಬಹುದು. ನಮ್ಮಲ್ಲಿ ಹಾಗಿಲ್ಲ, ಕೊಡಗಿನವರೇ ಆದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರು 65 ತುಂಬುತ್ತಲೇ 2024ರಲ್ಲಿ ಸುಪ್ರೀಂ ಕೋರ್ಟ್‌ನಿಂದ ನಿವೃತ್ತರಾದರು.

ಇನ್ನು ಮಡಿಕೇರಿಯ ಮಾತು. ಸಂವಿಧಾನದ 233(2)ನೇ ವಿಧಿಯಂತೆ ಜಿಲ್ಲಾ ನ್ಯಾಯಾಧೀಶರ ನೇರ ನೇಮಕಕ್ಕೆ ಕನಿಷ್ಠ ಏಳು ವರ್ಷ ವಕೀಲರಾಗಿರಬೇಕು. ಸಂಬಳ ಪಡೆಯುವ ಸಹಾಯಕ ಅಭಿಯೋಜಕರೂ ನ್ಯಾಯಾಲಯದಲ್ಲಿ ವಾದಿಸುತ್ತಿರುವವರೆಗೆ ವಕೀಲರೇ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ, ಹರಿಯಾಣದ ಪ್ರಕರಣವೊಂದರಲ್ಲಿ, ತೀರ್ಮಾನಿಸಿದೆ. ಆದ್ದರಿಂದ ಅವಕಾಶವಿದೆ. ನೀವೂ ಆ ಹಾದಿ ಹಿಡಿಯುವುದಾದರೆ, ಖುದ್ದಾಗಿ ಹಾಜರಾಗಿ ವಾದಿಸಿದ ಪ್ರಕರಣಗಳ ದಾಖಲೆಯನ್ನು ಮೊದಲ ವರ್ಷದಿಂದಲೇ ಜೋಪಾನ ಮಾಡಿ ಇಟ್ಟುಕೊಳ್ಳಿ.