ಕ್ಲೌಡ್ ಬಂದ ಮೇಲೂ ಗೇಮಿಂಗ್ ಪಿಸಿ ಕೊಳ್ಳಬಹುದೇ?

ಕ್ಲೌಡ್ ಗೇಮಿಂಗ್ ಬೆಳೆಯುತ್ತಿರುವಾಗ ಪಿಸಿಗೆ ದುಡ್ಡು ಸುರಿಯುವುದು ದಂಡವೇ, ಅದರ ಬದಲು ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂಥ ಪೆಟ್ಟಿಗೆ) ಕೊಂಡರೆ ಹೇಗೆ ಎಂದು ಕೇಳಿದ್ದೀರಿ. ಪಿಸಿ ಗೇಮಿಂಗ್ ಇನ್ನೇನು ಮುಗಿಯಿತು ಎಂಬ ಮಾತನ್ನು ಕಾಲೇಜಿನ ದಿನಗಳಿಂದಲೂ ಕೇಳುತ್ತ ಬಂದಿದ್ದೇನೆ. ನನಗೆ ಚಿಂತೆಯಾಗುವುದು ಕನ್ಸೋಲಿನ ಬಗ್ಗೆ.

ಮೊದಲು ಕ್ಲೌಡ್ ನೋಡೋಣ. ಅಲ್ಲಿ ಆಟ ನಡೆಯುವುದು ದೂರದ ಸರ್ವರ್‌ನಲ್ಲಿ, ನಿಮ್ಮ ಮನೆಗೆ ಬರುವುದು ಬರೀ ವಿಡಿಯೊ. ನೀವು ಗುಂಡಿ ಒತ್ತಿದ್ದು ಸರ್ವರ್‌ಗೆ ತಲುಪಬೇಕು, ಚಿತ್ರ ತಯಾರಾಗಬೇಕು, ಅದನ್ನು ಕುಗ್ಗಿಸಿ ಕಳುಹಿಸಬೇಕು, ನಿಮ್ಮ ಯಂತ್ರ ಅದನ್ನು ಬಿಡಿಸಿ ತೋರಿಸಬೇಕು. ಸೆಕೆಂಡಿಗೆ 60 ಚಿತ್ರ ಓಡುವ ಆಟದಲ್ಲಿ ಒಂದು ಚಿತ್ರದ ಪಾಲಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡು. ಫೈಬರ್ ಕೇಬಲಿನಲ್ಲಿ ಬೆಳಕು ಸೆಕೆಂಡಿಗೆ ಹೆಚ್ಚುಕಡಿಮೆ 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ ಮುಂಬೈಯಲ್ಲಿದ್ದು ನೀವು ಬೆಂಗಳೂರಿನಲ್ಲಿದ್ದರೆ, ನಡುವೆ ಸಾವಿರ ಕಿಲೋಮೀಟರ್ ಕೇಬಲ್ ಎಂದು ಹಿಡಿದರೂ ಹೋಗಿ ಬರಲು 10 ಮಿಲಿಸೆಕೆಂಡು ಸಾಕು. ಇದು ಅಸಲು. ದಾರಿಯ ರೂಟರ್‌ಗಳು, ಮನೆಯ ವೈಫೈ, ಕುಗ್ಗಿಸಿ ಬಿಡಿಸುವ ಕೆಲಸ ಎಲ್ಲ ಸೇರಿದಾಗ ಅಸಲಿಗಿಂತ ಬಡ್ಡಿಯೇ ಹೆಚ್ಚಾಗುತ್ತದೆ. ನಿಧಾನವಾಗಿ ಯೋಚಿಸಿ ಆಡುವ ಆಟಗಳಿಗೆ ಇದರಿಂದ ತೊಂದರೆಯಿಲ್ಲ. ಗುರಿಯಿಟ್ಟು ಹೊಡೆಯುವ ಆಟದಲ್ಲಾದರೆ ಮೌಸ್ ಹಿಡಿದ ಕೈ ಮುಂದೆ ಹೋಗಿರುತ್ತದೆ, ಪರದೆಯ ಮೇಲಿನ ಗುರಿಗುರುತು ತಡವಾಗಿ ಬಂದು ಸೇರಿಕೊಳ್ಳುತ್ತದೆ. ಕತ್ತಲೆಯ ದೃಶ್ಯ ಬಂದರೆ ಕಪ್ಪು ಬಣ್ಣ ಚೌಕ ಚೌಕವಾಗಿ ಒಡೆದು ಕಾಣುತ್ತದೆ.

ವ್ಯಾಪಾರದ ಲೆಕ್ಕವೂ ಸುಲಭವಲ್ಲ. ಗೂಗಲ್‌ನಂಥ ಗೂಗಲ್ 2019ರ ನವೆಂಬರಿನಲ್ಲಿ ಸ್ಟೇಡಿಯಾ ಎಂಬ ಕ್ಲೌಡ್ ಗೇಮಿಂಗ್ ಸೇವೆ ಶುರುಮಾಡಿ 2023ರ ಜನವರಿಯಲ್ಲಿ ಬಾಗಿಲು ಹಾಕಿತು. ಅಲ್ಲಿ ದುಡ್ಡು ಕೊಟ್ಟು ಕೊಂಡ ಆಟವನ್ನು ಬೇರೆಲ್ಲೂ ಆಡುವಂತಿರಲಿಲ್ಲ. (ಮುಚ್ಚುವಾಗ ಹಣ ವಾಪಸು ಕೊಟ್ಟರು, ಅದನ್ನು ಒಪ್ಪಿಕೊಳ್ಳಬೇಕು.) ಗ್ರಾಫಿಕ್ಸ್ ಚಿಪ್ ಮಾಡುವ ಎನ್ವಿಡಿಯಾದ ಜಿಫೋರ್ಸ್ ನೌ ಸೇವೆ ಬೇರೆ ದಾರಿ ಹಿಡಿದಿದೆ: ಸ್ಟೀಮ್‌ನಂಥ ಆನ್‌ಲೈನ್ ಅಂಗಡಿಗಳಲ್ಲಿ ನೀವು ಆಗಲೇ ಕೊಂಡಿರುವ ಪಿಸಿ ಆಟಗಳನ್ನೇ ತನ್ನ ಯಂತ್ರದಲ್ಲಿ ಓಡಿಸಿ ಕೊಡುತ್ತದೆ. ಅಂದರೆ ಆ ಕ್ಲೌಡ್ ಒಂದು ಬಾಡಿಗೆ ಪಿಸಿ, ಅಷ್ಟೇ.

ಕನ್ಸೋಲಿನ ಕಥೆ ಬೇರೆ. ಪ್ಲೇಸ್ಟೇಷನ್ 4 (ಪಿಎಸ್4) ಕಾಲದಿಂದಲೂ ಸೋನಿ, ಮೈಕ್ರೋಸಾಫ್ಟ್‌ಗಳ ಕನ್ಸೋಲಿನ ಒಳಗಿರುವುದು ಪಿಸಿಯ ಜಾತಿಯದೇ ಪ್ರೊಸೆಸರ್. ಇಲ್ಲಿಗೆ ಮಾತ್ರ ಎನ್ನುವ ಆಟಗಳೇ ಅದರ ಬಂಡವಾಳವಾಗಿದ್ದವು. ಆದರೆ ಅಂಥವುಗಳಲ್ಲೇ ಸೋನಿ 2020ರಲ್ಲಿ ಹೊರೈಜನ್ ಜೀರೊ ಡಾನ್ ಅನ್ನು, 2022ರಲ್ಲಿ ಗಾಡ್ ಆಫ್ ವಾರ್ ಅನ್ನು ಪಿಸಿಗೆ ತಂದಿತು. ಮೈಕ್ರೋಸಾಫ್ಟ್ ತನ್ನ ಆಟಗಳನ್ನು ಮೊದಲ ದಿನವೇ ಪಿಸಿಗೂ ಕೊಡುತ್ತಿದೆ. ಹಿಂದೆಲ್ಲ ಕನ್ಸೋಲ್ ಹಳತಾದಂತೆ ಅಗ್ಗವಾಗುತ್ತಿತ್ತು. ಪಿಎಸ್5 ಅಮೆರಿಕದಲ್ಲಿ 2020ರಲ್ಲಿ 499 ಡಾಲರ್ ಇದ್ದದ್ದು 2025ರ ಆಗಸ್ಟಿನಲ್ಲಿ 549 ಆಯಿತು. ಇತ್ತ 2022ರಲ್ಲಿ ಬಂದ ಸ್ಟೀಮ್ ಡೆಕ್ ಕೈಯಲ್ಲಿ ಹಿಡಿದು ಆಡುವ ಪಿಸಿ. ಅದರೊಳಗಿರುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ, ಆದರೂ ವಿಂಡೋಸ್‌ಗೆ ಮಾಡಿದ ಆಟಗಳು ಬಹುಪಾಲು ಓಡುತ್ತವೆ.

ಪಿಸಿಯ ಬಲ ಗ್ರಾಫಿಕ್ಸ್‌ನಲ್ಲಿದೆ ಎನ್ನುವವರ ಜೊತೆ ನನಗೆ ಸದಾ ಜಗಳ. ಅಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ ಎಂಬುದೇ ಅದರ ಬಲ. ಕೌಂಟರ್ ಸ್ಟ್ರೈಕ್ ಹುಟ್ಟಿದ್ದು ಹಾಫ್ ಲೈಫ್ ಆಟಕ್ಕೆ ಆಟಗಾರರು ಮಾಡಿದ ಮಾರ್ಪಾಡಾಗಿ, 1999ರಲ್ಲಿ. ಡೋಟಾ ಹುಟ್ಟಿದ್ದು ಹೀಗೆಯೇ, ವಾರ್‌ಕ್ರಾಫ್ಟ್ 3 ಎಂಬ ಆಟದ ಒಳಗೆ. ನಮ್ಮಲ್ಲಿ ಬಸ್‌ಸ್ಟ್ಯಾಂಡಿನಿಂದ ಹಾಸ್ಟೆಲಿನವರೆಗೆ ಹುಡುಗರೆಲ್ಲ ಮೊಬೈಲಿನಲ್ಲಿ ಆಡಿದ ಪಬ್‌ಜಿಯ ಮೂಲವೂ ಇಂಥದೇ. ಬ್ರೆಂಡನ್ ಗ್ರೀನ್ ಎಂಬಾತ ಆರ್ಮಾ ಎಂಬ ಪಿಸಿ ಆಟದ ಮೇಲೆ ಕಟ್ಟಿದ ಮಾರ್ಪಾಡು ಬೆಳೆದು, 2017ರಲ್ಲಿ ಸ್ಟೀಮ್‌ನಲ್ಲಿ ಸ್ವತಂತ್ರ ಆಟವಾಗಿ, ಮರುವರ್ಷ ಮೊಬೈಲಿಗೆ ಬಂತು. ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಬೇರೆಯವರ ಸರ್ವರಿನಲ್ಲಿ ಇಂಥ ಕಿತಾಪತಿಗೆ ಎಡೆ ಎಲ್ಲಿದೆ?

ಪಿಸಿಗೆ ಈಗ ನಿಜವಾಗಿ ಕುತ್ತು ಬಂದಿರುವುದು ಮೆಮೊರಿಯಿಂದ. ಎಐ ಡೇಟಾ ಸೆಂಟರ್‌ಗಳು ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ. ಕ್ರೂಶಿಯಲ್ ಎಂಬ ಹೆಸರಿನಲ್ಲಿ ಗ್ರಾಹಕರಿಗೆ ಮೆಮೊರಿ ಮಾರುವ ವ್ಯಾಪಾರವನ್ನು ನಿಲ್ಲಿಸುವುದಾಗಿ ಚಿಪ್ ಕಂಪನಿ ಮೈಕ್ರಾನ್ 2025ರ ಡಿಸೆಂಬರಿನಲ್ಲಿ ಘೋಷಿಸಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ರ‍್ಯಾಮ್ (ಪಿಸಿಯ ಮೆಮೊರಿ) ಬೆಲೆ ಕೇಳಿದರೆ “ಇದು ಇವತ್ತಿನ ರೇಟ್ ಸಾರ್, ನಾಳೆಯದು ನಾಳೆ ಕೇಳಿ” ಎನ್ನುತ್ತಾರೆ. ಈ ಬಿಸಿ ಕನ್ಸೋಲ್, ಕ್ಲೌಡ್‌ಗಳಿಗೂ ತಟ್ಟದೆ ಇರದು, ಅವಕ್ಕೂ ಬೇಕಾದದ್ದು ಅದೇ ಚಿಪ್.

ಇನ್ನು ನಿಮ್ಮ ವಿಷಯ. ಜಿಟಿಎ 6 (ಗ್ರ್ಯಾಂಡ್ ಥೆಫ್ಟ್ ಆಟೊ ಸರಣಿಯ ಹೊಸ ಆಟ) ಬಂದ ದಿನವೇ ಆಡಬೇಕೆಂದಿದ್ದರೆ ಕನ್ಸೋಲ್ ತೆಗೆದುಕೊಳ್ಳಿ. ಅದು ಘೋಷಣೆಯಾಗಿರುವುದು ಕನ್ಸೋಲಿಗೆ ಮಾತ್ರ, ಹಿಂದಿನ ಜಿಟಿಎ 5 ಕೂಡ 2013ರಲ್ಲಿ ಕನ್ಸೋಲಿಗೆ ಬಂದು ಪಿಸಿಗೆ ಬರುವಾಗ 2015 ಆಗಿತ್ತು. ಅಂಥ ಅವಸರವಿಲ್ಲದಿದ್ದರೆ ಪಿಸಿಯೇ ಆಗಲಿ. ಪವರ್ ಸಪ್ಲೈ, ಮದರ್‌ಬೋರ್ಡ್‌ಗಳಲ್ಲಿ ಜಿಪುಣತನ ಮಾಡಬೇಡಿ. ಗ್ರಾಫಿಕ್ಸ್ ಕಾರ್ಡ್ ಮಧ್ಯಮ ದರ್ಜೆಯದು ಸಾಕು, ಬೇಕಾದಾಗ ಅದೊಂದನ್ನೇ ಬದಲಿಸಬಹುದು. ಕೊಳ್ಳುವ ಮೊದಲು ಒಂದು ತಿಂಗಳು ಕ್ಲೌಡ್ ಚಂದಾ ಕಟ್ಟಿ ನೋಡುವುದಾದರೆ ರಾತ್ರಿ ಎಂಟರಿಂದ ಹತ್ತರೊಳಗೆ ಆಡಿ ನೋಡಿ. ಅಕ್ಕಪಕ್ಕದ ಮನೆಯವರೆಲ್ಲ ವಿಡಿಯೊ ನೋಡಲು ಕೂತಿರುವ ಹೊತ್ತು ಅದು. ಮಧ್ಯಾಹ್ನದ ಪರೀಕ್ಷೆಯಲ್ಲಿ ಎಲ್ಲ ನೆಟ್‌ವರ್ಕೂ ಪಾಸಾಗುತ್ತದೆ.