ಬಿಟಿ ಹತ್ತಿಗೂ ಹುಳ ಬಿತ್ತಲ್ಲ, ತಪ್ಪು ಯಾರದು?

ಪ್ರಶ್ನೆ: ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನಲ್ಲಿ ನಮ್ಮದು 4 ಎಕರೆ ಎರೆ ಹೊಲ. ಬಿಟಿ ಹತ್ತಿ ಬಂದ ಹೊಸದರಲ್ಲಿ ಔಷಧಿ ಹೊಡೆಯೋದು ಕಡಿಮೆಯಾಗಿತ್ತು. ಈಗ ಕಾಯಿ ಸೀಳಿದರೆ ಒಳಗೆ ಗುಲಾಬಿ ಹುಳ. ವಿದೇಶಿ ಕಂಪನಿ ಬೀಜದಿಂದ ನಮ್ಮ ಮಣ್ಣಿಗೆ ಒಳ್ಳೆಯದಾಯ್ತಾ, ಕೆಟ್ಟದಾಯ್ತಾ?

ಉತ್ತರ: ಎರಡೂ ಆಯ್ತು. ಬಿಟಿ ಹತ್ತಿ ಅಂದರೆ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನು ಸೇರಿಸಿ, ಕಾಯಿಕೊರಕ ಹುಳಗಳನ್ನು (ಗುಲಾಬಿ ಹುಳವೂ ಅದರಲ್ಲೊಂದು) ಕೊಲ್ಲುವ ವಿಷ ಗಿಡದಲ್ಲೇ ತಯಾರಾಗುವಂತೆ ಮಾಡಿದ ಹತ್ತಿ. ಅಮೆರಿಕದ ಮಾನ್ಸಾಂಟೊ ಕಂಪನಿಯ ಈ ಹತ್ತಿಗೆ ನಮ್ಮಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಕಾಯಿಕೊರಕಕ್ಕೆ ಹೊಡೆಯುವ ವಿಷ ಆಗ ನಿಜಕ್ಕೂ ಇಳಿಯಿತು. ಆದರೆ ಗುಜರಾತಿನಲ್ಲಿ ಗುಲಾಬಿ ಹುಳ ಇದಕ್ಕೆ ಬಗ್ಗುತ್ತಿಲ್ಲ ಅಂತ 2010ರಲ್ಲಿ ಆ ಕಂಪನಿಯೇ ಒಪ್ಪಿಕೊಂಡಿತು. 2006ರಲ್ಲಿ ಬಂದ ಎರಡು ಜೀನಿನ ಬೀಜವನ್ನೂ ಹುಳ ಆಮೇಲೆ ಅರಗಿಸಿಕೊಂಡಿತು.

ಬಿಟಿ ಹತ್ತಿಯನ್ನೇ ಬೆಳೆಯುವ ಅಮೆರಿಕದಲ್ಲಿ ಏನಾಯ್ತು ನೋಡಿ. 2018ರಲ್ಲಿ ಅಲ್ಲಿನ ಹತ್ತಿ ಹೊಲಗಳಿಂದ ಗುಲಾಬಿ ಹುಳ ನಿರ್ಮೂಲವಾಯಿತು ಎಂದು ಸರ್ಕಾರವೇ ಘೋಷಿಸಿತು. ಬರೀ ಬೀಜದಿಂದ ಆದ ಕೆಲಸ ಅಲ್ಲ ಅದು. ಸಂತಾನಶಕ್ತಿ ಇಲ್ಲದ ಪತಂಗಗಳನ್ನು ಬಿಟ್ಟರು, ಕೊಯ್ಲು ಮುಗಿದ ಕೂಡಲೇ ಗಿಡ ಉತ್ತು ಹಾಕಿದರು.

ನಮ್ಮಲ್ಲಿ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜದ ಪೊಟ್ಟಣ ಇರುತ್ತಿತ್ತು, ನೆನಪಿದೆಯಾ? ಅದನ್ನು ಹೊಲದ ಸುತ್ತ ಬಿತ್ತಬೇಕಿತ್ತು. ಸಾದಾ ಗಿಡ ತಿಂದು ಬೆಳೆದ ಹುಳ, ಬಿಟಿಗೆ ಜಗ್ಗದ ಹುಳದ ಜೊತೆ ಕೂಡಿದರೆ ಗಟ್ಟಿ ತಳಿ ಬೇಗ ಹೆಚ್ಚಲ್ಲ. ಒಡೆಯದೇ ಬದುವಿನಲ್ಲಿ ಬಿದ್ದ ಆ ಪೊಟ್ಟಣಗಳನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ರೈತರನ್ನು ಬೈಯಲು ನನಗೆ ಮನಸ್ಸಿಲ್ಲ. ಹುಳಕ್ಕೆ ಅಂತಲೇ ಬೆಳೆ ಬಿಡಿ ಅಂದರೆ, ಕಾರಣ ಬಿಡಿಸಿ ಹೇಳದೆ ಯಾರು ಬಿತ್ತುತ್ತಾರೆ? ಹೇಳಬೇಕಾದವರು ಬೀಜ ಮಾರಿದವರು.

ಇನ್ನೊಂದು ಮಾತು. ಇಲ್ಲಿ ಬಿಟಿ ಬಂದಿದ್ದೇ ಹೈಬ್ರಿಡ್ ರೂಪದಲ್ಲಿ. ಎರಡು ತಳಿ ಬೆರೆಸಿದ ಇಂಥ ಬೆಳೆಯ ಬೀಜ ಉಳಿಸಿ ಬಿತ್ತಿದರೆ ಗುಣ ಉಳಿಯಲ್ಲ, ಪ್ರತಿ ವರ್ಷ ಹೊಸ ಬೀಜ ಕೊಳ್ಳಲೇಬೇಕು. ವ್ಯಾಪಾರಕ್ಕೆ ಅದು ಅನುಕೂಲ. ಆದರೆ ಅವು ಹೆಚ್ಚಾಗಿ ದೀರ್ಘಾವಧಿ ಬೆಳೆ. ನೀರಿದ್ದರೆ ಫೆಬ್ರವರಿ ದಾಟಿದರೂ ಗಿಡ ಹಸಿರಾಗೇ ಇರುತ್ತೆ. ಹಂಗಾಮಿನ ಕೊನೆಗೆ ಜಾಸ್ತಿಯಾಗುವ ಗುಲಾಬಿ ಹುಳಕ್ಕೆ ಇನ್ನೇನು ಬೇಕು?

ಈ ಸಲ ಡಿಸೆಂಬರ್‌ಗೆ ಬೆಳೆ ಮುಗಿಸಿ. ಇನ್ನೊಂದು ಬಿಡಿಸು ಸಿಗುತ್ತೆ ಅಂತ ಕಾಯಬೇಡಿ. ಉಳಿದ ಕಾಯಿ ಮೇಯಲು ಕುರಿ ಬಿಡಿ, ಹತ್ತಿ ಕಟ್ಟಿಗೆಯನ್ನು ಮನೆ ಹಿಂದೆ ಒಟ್ಟಬೇಡಿ, ಹುಳ ಅದರಲ್ಲೇ ಉಳಿಯುತ್ತೆ. ಮುಂದಿನ ಹಂಗಾಮಿಗೆ ಬಿತ್ತಿದ 45 ದಿನಕ್ಕೆ ಎಕರೆಗೆ 2 ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡು ಪತಂಗ ಸೆಳೆಯುವ ಬಲೆ) ಕಟ್ಟಿ. ಸತತ ಮೂರು ರಾತ್ರಿ ಒಂದೊಂದು ಬಲೆಗೆ 8 ಪತಂಗ ಬಿದ್ದರೆ ಮಾತ್ರ ಔಷಧಿ ಯೋಚಿಸಿ. ಅರಳದೆ ಗುಲಾಬಿ ಮೊಗ್ಗಿನ ಹಾಗೆ ಮುದುಡಿದ ಹೂ ಕಂಡರೆ ಕಿತ್ತು ಸುಟ್ಟುಬಿಡಿ, ಹುಳ ಅದರೊಳಗೇ ಇರುತ್ತೆ.